ಮಣ್ಣಕ್ಕ ಮತ್ತು ಬೆಳೆಯುತ್ತಿದ್ದ ಪಂಪು

ಮೊದಲು ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗೆ ಇರುತ್ತದೆ. ಪೆನ್ಸಿಲಿನಲ್ಲಿ ಬರೆದು, ಅಳಿಸಿ, ಮತ್ತೆ ಪೆನ್ನಿನಲ್ಲಿ ಬರೆದರೂ ಒತ್ತಕ್ಷರಗಳು ಕೆಳಗಿನ ಸಾಲಿಗೆ ಕಾಲು ಚಾಚಿವೆ. ಮಾತುಗಳೂ ಅಷ್ಟೇ. ನಾನು ಒಂಬತ್ತನೆಯ ತರಗತಿಯಲ್ಲಿ ಶಾಲೆ ಬಿಟ್ಟವಳು. ನನಗೆ ಗೊತ್ತಿರುವುದು ಮನೆಯಲ್ಲಿ ಆಡುವ ಮಾತುಗಳು. ಗೊತ್ತಾಗದ ಕಡೆ ಕೇಳಿ ತಿಳಿದುಕೊಂಡು ಬರೆದಿದ್ದೇನೆ.

ನಮ್ಮ ಕೆಳಬೀದಿಯ ವಾಚನಾಲಯದಲ್ಲಿ, ಬೀದಿಯವರೊಬ್ಬರ ಬದುಕಿನ ಬಗ್ಗೆ ಬರೆದು ಗೋಡೆಗೆ ಅಂಟಿಸುವ ರೂಢಿ ಇದೆ. ಪಂಚರ್ ಹಾಕುವವರ ಬಗ್ಗೆ ಬಂದಿದೆ, ನರ್ಸಮ್ಮನ ಬಗ್ಗೆ ಬಂದಿದೆ. ಈ ಸಲ ನನ್ನ ಚಿಕ್ಕಮ್ಮನ ಬಗ್ಗೆ ಬರೆಯಲು ವಾಚನಾಲಯದ ಮೇಷ್ಟ್ರು ನನಗೇ ಹೇಳಿದರು. ನಾನು ತಲೆ ಅಲ್ಲಾಡಿಸಿದೆ. "ಬಾಯಿ ಬಿಡು ಅಂದ್ರೆ ನೀನು ಬಿಡಲ್ಲ. ಬರಿ ಅಂದ್ರೆ ಬರೀತೀಯ, ನಂಗೊತ್ತು," ಎಂದು ಅವರು ಹಾಳೆಗಳನ್ನು ಕೊಟ್ಟೇಬಿಟ್ಟರು.

ನನ್ನ ಚಿಕ್ಕಮ್ಮ, ಎಂದರೆ ಅಮ್ಮನ ತಂಗಿ, ಭೂವಿಜ್ಞಾನಿ. ಬೀದಿಯಲ್ಲಿ ಅವಳನ್ನು ಆ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಎಲ್ಲರಿಗೂ ಅವಳು ಮಣ್ಣಕ್ಕ.

ಈ ಹೆಸರು ಬಂದದ್ದು ಅವಳು ಚಿಕ್ಕವಳಿದ್ದಾಗ. ಬೀದಿಯ ನಡುವೆ ಕೈಪಂಪು ಹಾಕಿದ ಹೊಸತು. ಅಜ್ಜಿ ಕೊಡ ತುಂಬಿಸಿಕೊಂಡು ಬಾ ಎಂದು ಕಳಿಸಿದರೆ ಅವಳು ಪಂಪಿನ ಕಟ್ಟೆಯ ಪಕ್ಕದ ಒದ್ದೆ ಮಣ್ಣನ್ನು ಬೆರಳಲ್ಲಿ ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದಳಂತೆ. ಅಜ್ಜಿ ಕಿವಿ ಹಿಂಡಿ ಮನೆಗೆ ಎಳೆದು ತಂದರೆ, ಕೊಡ ಅಲ್ಲೇ ಉಳಿಯುತ್ತಿತ್ತು. ಆ ಹಿತ್ತಾಳೆ ಕೊಡ ಈಗಲೂ ನಮ್ಮ ಮನೆಯಲ್ಲಿದೆ. ಅದರ ಕಂಠದ ಅಂಚಿನಲ್ಲಿ ಒಂದು ನೆಗ್ಗು ಇದೆ. ಪಂಪಿನ ಮೂತಿ ಆಗ ಎಷ್ಟು ಕೆಳಗಿತ್ತೆಂದರೆ ಕೊಡವನ್ನು ಓರೆ ಮಾಡದೆ ಅದರಡಿ ತೂರಿಸಲು ಆಗುತ್ತಿರಲಿಲ್ಲ. ಮಣ್ಣಿನ ಆಸೆಗೆ ಅವಸರ ಮಾಡುವ ಚಿಕ್ಕಮ್ಮ ದಿನವೂ ಕೊಡವನ್ನು ಮೂತಿಗೆ ಢಣ್ ಎಂದು ಬಡಿಯುತ್ತಿದ್ದಳು. ಒಂದೇ ಜಾಗಕ್ಕೆ ಬಡಿದು ಬಡಿದು ನೆಗ್ಗು ಬಿತ್ತು. ಈ ನೆಗ್ಗನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ಮುಂದೆ ಅದರ ಕೆಲಸ ಇದೆ.

ಶಾಲೆಯಲ್ಲಿ ಚಿಕ್ಕಮ್ಮ ಚೆನ್ನಾಗಿ ಓದಿದಳು. ಕಾಲೇಜಿನಲ್ಲಿ ಭೂವಿಜ್ಞಾನ ಆರಿಸಿಕೊಂಡಾಗ ಮನೆಯಲ್ಲಿ ಯಾರಿಗೂ ಅದೇನೆಂದು ಗೊತ್ತಿರಲಿಲ್ಲ. ಮೊದಲ ರಜೆಗೆ ಬಂದವಳು ಹಿತ್ತಿಲಿನ ಮಣ್ಣನ್ನು ಚಿಟಿಕೆ ತೆಗೆದು ಮುಂಭಾಗದ ಹಲ್ಲುಗಳ ನಡುವೆ ಕಚ್ಚಿ ನೋಡಿದಳಂತೆ. ಹಲ್ಲಿಗೆ ಕರಕರ ಅಂದರೆ ಅದರಲ್ಲಿ ಸಣ್ಣ ಮರಳಿನ ಕಣ ಇದೆ, ಬೆಣ್ಣೆಯ ಹಾಗೆ ಜಾರಿದರೆ ಶುದ್ಧ ಜೇಡಿ. ಕಾಲೇಜಿನಲ್ಲೇ ಇದನ್ನು ಕಲಿಸುತ್ತಾರೆ; ಹೊರಗೆ ಕೆಲಸದ ಜಾಗದಲ್ಲಿ ಯಂತ್ರ ಇಲ್ಲದಾಗ ಎಲ್ಲರೂ ಹೀಗೆಯೇ ನೋಡುವುದು. ಅಜ್ಜಿ ಹಣೆ ಚಚ್ಚಿಕೊಂಡಳು. "ಅವಾಗ ಕಿವಿ ಹಿಂಡಿ ಬಿಡಿಸಿದೆ. ಈಗ ಫೀಸು ಕಟ್ಟಿ ತಿನ್ನಿಸ್ತಿದ್ದೀನಿ!"

ಓದು ಮುಗಿದ ಮೇಲೆ ಅವಳು ಕೆಲವು ವರ್ಷ ಒಂದು ಗಣಿಯಲ್ಲಿ ಇದ್ದಳು. ಅಲ್ಲಿ ಅಗೆಯುವುದು ಮಾತ್ರ ಇತ್ತು, ಅಗೆದ ಮೇಲೆ ಏನಾಗುತ್ತದೆ ಎಂದು ಕೇಳುವವರಿರಲಿಲ್ಲ. ಬಿಟ್ಟು ನಮ್ಮ ಊರಿಗೇ ಬಂದು ಪರಿಸರ ಸಲಹೆಯ ಒಂದು ಚಿಕ್ಕ ಕಂಪನಿಗೆ ಸೇರಿದಳು. ಯಾರಾದರೂ ಕಟ್ಟುವ ಮೊದಲು, ಕಸ ಸುರಿಯುವ ಮೊದಲು, ರಸ್ತೆ ಹಾಕುವ ಮೊದಲು ಅಲ್ಲಿನ ನೆಲ ಮತ್ತು ನೀರು ಅದನ್ನು ತಾಳಿಕೊಳ್ಳುತ್ತವೆಯೇ ಎಂದು ನೋಡಿ ವರದಿ ಕೊಡುವುದು ಈ ಕಂಪನಿಯ ಕೆಲಸ. ಆಫೀಸು ಟೈರ್ ಅಂಗಡಿಯ ಮೇಲೆ ಮೂರು ಕೋಣೆ. ಒಂದು ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಉದ್ದನೆಯ ಮರದ ಪೆಟ್ಟಿಗೆಗಳು. ನೆಲದೊಳಗಿಂದ ಕೊರೆದು ತೆಗೆದ ಮಣ್ಣು, ಸುತ್ತಿಟ್ಟ ರೊಟ್ಟಿಯ ಹಾಗೆ, ಪೆಟ್ಟಿಗೆಗಳಲ್ಲಿ ಸಾಲಾಗಿ ಮಲಗಿರುತ್ತದೆ. ಕೆಳಗಿನ ರಬ್ಬರಿನ ವಾಸನೆ, ಮೇಲಿನ ಹಸಿ ಮಣ್ಣಿನ ವಾಸನೆ ಮೆಟ್ಟಿಲಿನ ತಿರುವಿನಲ್ಲಿ ಸೇರುತ್ತವೆ.

ಅವಳ ಕೆಲಸ ಹೇಗಿರುತ್ತದೆ ಎನ್ನಲು ಒಂದು ಸಂಗತಿ ಹೇಳುತ್ತೇನೆ. ಒಂದು ಪೆಟ್ರೋಲ್ ಬಂಕಿನ ಹಿಂದಿನ ಮನೆಯವರ ಬಾವಿ ನೀರು ವಾಸನೆ ಬರುತ್ತಿತ್ತು. ಬಂಕಿನವರು ಚಿಕ್ಕಮ್ಮನ ಕಂಪನಿಯನ್ನೇ ಕರೆಸಿದ್ದರು. ಅವಳು ವಾರಗಟ್ಟಲೆ ಗುಂಡಿ ತೋಡಿಸಿ ನೋಡಿ, ನೆಲದೊಳಗಿನ ಟ್ಯಾಂಕು ಸೋರುತ್ತಿದೆ ಎಂದು ಬರೆದಳು. ಬಂಕಿನ ಮ್ಯಾನೇಜರು ಬಂದು, "ಮೇಡಂ, ಸ್ವಲ್ಪ ಸೋರ್ತಿದೆ ಅಂತ ಬರೀರಿ," ಎಂದರು.

"ಸ್ವಲ್ಪ ಅಂದ್ರೆ ಎಷ್ಟು?" ಎಂದಳು ಚಿಕ್ಕಮ್ಮ.

"ಸ್ವಲ್ಪ ಅಂದ್ರೆ... ಸ್ವಲ್ಪ."

"ಹಾಗಾದ್ರೆ ಸ್ವಲ್ಪ ಬೇಡ, ಬರೀ ಸೋರ್ತಿದೆ ಅಂತಲೇ ಇರ್ಲಿ."

ಮನೆಯಲ್ಲೂ ಹೀಗೆಯೇ. 'ತುಂಬಾ ಬಿಸಿಲು' ಎಂದರೆ "ತುಂಬಾ ಅಂದ್ರೆ ಎಷ್ಟು?" ಎಂದು ಕೇಳುತ್ತಾಳೆ. ಆದ್ದರಿಂದ ನಾನು ಈ ಬರಹದಲ್ಲಿ 'ತುಂಬಾ' ಎಂಬ ಪದವನ್ನು ನನ್ನ ಮಾತಾಗಿ ಎಲ್ಲಿಯೂ ಬಳಸಿಲ್ಲ.

ಹವಾಮಾನ ಬದಲಾಗುತ್ತಿದೆ, ಸಮುದ್ರ ಏರುತ್ತಿದೆ ಎಂಬ ಮಾತು ನಗರಸಭೆಯ ತನಕ ಬಂದಾಗ, ಅವರು ಚಿಕ್ಕಮ್ಮನ ಕಂಪನಿಗೆ ಒಂದು ಕೆಲಸ ವಹಿಸಿದರು. ಮುಂದಿನ ದಿನಗಳಲ್ಲಿ ಸಮುದ್ರದ ನೀರು ಊರಿನ ಎಲ್ಲಿಯ ತನಕ ಬರುತ್ತದೆ ಎಂದು ನಕ್ಷೆ ಮಾಡಿಕೊಡಬೇಕು. ಹಸಿರು ಎಂದರೆ ಭಯವಿಲ್ಲ. ಹಳದಿ ಎಂದರೆ ಎಚ್ಚರ. ಕೆಂಪು ಎಂದರೆ ಆ ಜಾಗ ಖಾಲಿ ಮಾಡಿಸುವುದು.

ನಮ್ಮ ಬಂದರಿನ ಜೆಟ್ಟಿಯಲ್ಲಿ ನೀರಿನ ಏರಿಳಿತ ಅಳೆಯುವ ಒಂದು ಯಂತ್ರ ಇದೆ. ಅದು ಸರಿಯಾಗಿದೆಯೇ ಎಂದು ನೋಡಲು ಬಂದರು ಕಚೇರಿಯ ಗೋಡೆಯಲ್ಲಿ ಒಂದು ಹಿತ್ತಾಳೆಯ ಮೊಳೆ ಹೂತಿದ್ದಾರೆ. ಮೊಳೆಯಿಂದ ಯಂತ್ರಕ್ಕೆ ಎಷ್ಟು ಎತ್ತರ ಎಂದು ವರ್ಷವೂ ಅಳೆಯುತ್ತಾರೆ. ಚಿಕ್ಕಮ್ಮ ತಾನೇ ಹೋಗಿ ಅಳೆದಳು; ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. ಯಂತ್ರದ ಪ್ರಕಾರ ನಮ್ಮ ಬಂದರಿನಲ್ಲಿ ನೀರು ಏರುತ್ತಿದ್ದ ವೇಗ ಪಕ್ಕದ ಬಂದರುಗಳಿಗಿಂತ ಕೆಲವು ಪಟ್ಟು ಹೆಚ್ಚು. ಯಾಕೆ ಎಂದು ಅವಳಿಗೂ ಅನಿಸಿತಂತೆ. ನಮ್ಮ ಕೊಲ್ಲಿಯ ಬಾಯಿ ಕಿರಿದು, ನೀರು ಒಳಗೆ ಬಂದು ಒತ್ತಿಕೊಳ್ಳುತ್ತಿರಬೇಕು ಎಂದು ತನಗೆ ತಾನೇ ಉತ್ತರ ಕೊಟ್ಟುಕೊಂಡಳು. ನಕ್ಷೆ ಮಾಡಿ ಕೊಟ್ಟಳು.

ಕೆಳಬೀದಿ ಪೂರ್ತಿ ಕೆಂಪಾಗಿತ್ತು. ನಮ್ಮ ಮನೆಯೂ.

ನಕ್ಷೆಯನ್ನು ನಗರಸಭೆಯ ಮುಂದೆ ಅಂಟಿಸಿದ ದಿನ ಸಂಜೆ ಚಿಕ್ಕಮ್ಮ ಮನೆಗೆ ಬಂದಳು. ಅವಳ ಕೋಣೆ ಊರಿನ ಇನ್ನೊಂದು ಕಡೆ ಇದೆ. ಬಂದದ್ದು ನಮ್ಮನ್ನು ನೋಡಲು. ಅಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ನಮ್ಮ ಮನೆಯ ಮುಂಭಾಗವೇ ಲಾಂಡ್ರಿ. ಆಸ್ಪತ್ರೆಯ ಬಿಳಿ ಕೋಟುಗಳು, ಹೋಟೆಲಿನ ಹಾಸಿಗೆ ಬಟ್ಟೆಗಳು ನಮ್ಮಲ್ಲಿಗೇ ಬರುವುದು.

"ಊರಿಗೆಲ್ಲಾ ಬಳಿದಿದ್ದು ಸಾಲ್ದು ಅಂತ ಹುಟ್ಟಿದ ಮನೆಗೂ ಕೆಂಪು ಬಳಿದ್ಯಲ್ಲೇ?" ಎಂದಳು ಅಮ್ಮ, ತಲೆ ಎತ್ತದೆ.

"ನಾನು ಬಳಿದಿದ್ದಲ್ಲ ಅಕ್ಕಾ. ಅಳತೆ ಹಾಗಿದೆ."

"ಅಳತೆಗೆ ಕೈ ಇದ್ಯಾ? ಬಣ್ಣ ಹಚ್ಚಿದ ಕೈ ಯಾರದ್ದು?"

"ಮತ್ತೇನು, ಹಸಿರು ಹಚ್ಚಿ ನಿಮ್ಮನ್ನ ನೀರಲ್ಲಿ ಮಲಗಿಸ್ಲಾ?"

"ಗುಡ್ಡದ ಮೇಲೆ ನಾಲ್ಕನೇ ಮಹಡಿ ಕೊಡ್ತಾರಂತೆ. ಅಲ್ಲಿ ಈ ಬಾಯ್ಲರ್ ಎಲ್ಲಿಡ್ಲಿ, ನಿನ್ನ ತಲೆ ಮೇಲಾ? ಅಮ್ಮನ್ನ ಮೆಟ್ಟಿಲು ಹತ್ತಿಸೋದು ಯಾರು? ಹೇಳು, ನೀನು ಓದಿರೋಳು."

ಒಳಗಿನಿಂದ ಅಜ್ಜಿ, "ಜಗಳ ಆಮೇಲೆ ಆಡ್ಕೊಳ್ರೇ, ಡಾಕ್ಟರ ಕೋಟು ಸುಡ್ತಿದೆ!" ಎಂದು ಕೂಗಿದಳು. ನೋಡಿದರೆ ಬಿಳಿ ಕೋಟಿನ ಬೆನ್ನಿನ ಮೇಲೆ ಇಸ್ತ್ರಿ ಪೆಟ್ಟಿಗೆಯ ಆಕಾರದ ಕಂದು ಗುರುತು. ಅಮ್ಮ ಇಸ್ತ್ರಿ ಎತ್ತಿ ಇಟ್ಟು ಅಳಲು ಶುರು ಮಾಡಿದಳು. ನಾನು ಅದುವರೆಗೆ ಅಮ್ಮ ಅತ್ತದ್ದನ್ನು ನೋಡಿರಲಿಲ್ಲ.

ಬೀದಿಯಲ್ಲಿಯೂ ಮಾತು ಬದಲಾಯಿತು. ಐಸ್ ಫ್ಯಾಕ್ಟರಿಯ ಯಜಮಾನರನ್ನು ನಾವೆಲ್ಲ ಐಸ್ ಮಾವ ಎನ್ನುತ್ತೇವೆ. ಅವರ ಫ್ಯಾಕ್ಟರಿ ತಣ್ಣಗಿದ್ದರೂ ಅವರು ಮಾತ್ರ ಸದಾ ಬಿಸಿ. "ಚಿಕ್ಕೋಳಿದ್ದಾಗ ತನ್ನ ಬಾಯಿಗೆ ಮಣ್ಣು ಹಾಕ್ಕೊಳ್ತಿದ್ಲು. ಈಗ ನಮ್ಮೆಲ್ಲರ ಬಾಯಿಗೂ ಹಾಕಿದ್ಲು," ಎಂದು ಚಹಾದ ಅಂಗಡಿಯಲ್ಲಿ ಹೇಳಿದರು. ಅಲ್ಲಿದ್ದವರು ನಕ್ಕರು. ಚಿಕ್ಕಮ್ಮ ಆ ಕಡೆಯಿಂದಲೇ ಬರುತ್ತಿದ್ದಳು, ಕೇಳಿಸಿಕೊಂಡಳು, ತಲೆ ತಗ್ಗಿಸಿ ನಡೆದಳು. ಎರಡು ತಿಂಗಳ ನಂತರ ನಗರಸಭೆಯ ಸಭೆ. ಅಲ್ಲಿ ನಕ್ಷೆಗೆ ಒಪ್ಪಿಗೆಯಾದರೆ ಕೆಳಬೀದಿ ಇರುವುದಿಲ್ಲ. ಅದನ್ನು ಮಾಡಿದವಳು ಇದೇ ಬೀದಿಯ ಮಗಳು ಎಂದು ಅವಳಿಗೂ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು.

ಆದರೂ ಅವಳು ಭಾನುವಾರ ಬರುವುದನ್ನು ನಿಲ್ಲಿಸಲಿಲ್ಲ. ಅಮ್ಮ ಮಾತಾಡುತ್ತಿರಲಿಲ್ಲ. ಅಜ್ಜಿ ಇಬ್ಬರ ನಡುವೆ ಕೂತು, "ಉಪ್ಪು ಕೊಡು ಅಂತ ನಿನ್ನ ತಂಗಿಗೆ ಹೇಳು," "ತಗೋ ಅಂತ ನಿನ್ನ ಅಕ್ಕಂಗೆ ಹೇಳು," ಎಂದು ಇಬ್ಬರನ್ನೂ ಅಣಕಿಸುತ್ತಿದ್ದಳು.

ಅಂಥ ಒಂದು ಭಾನುವಾರ ಕರೆಂಟು ಹೋಗಿ ನಮ್ಮ ಬೋರಿನ ಮೋಟಾರು ನಿಂತಿತು. ಅಜ್ಜಿ ಹಳೆಯ ಹಿತ್ತಾಳೆ ಕೊಡ ತೆಗೆದು ಚಿಕ್ಕಮ್ಮನ ಕೈಗೆ ಕೊಟ್ಟಳು. "ಹೋಗು, ಪಂಪಿಂದ ತಗೊಂಡು ಬಾ. ಮಣ್ಣು ತಿನ್ಬೇಡ."

ನಾನು ಬಾಗಿಲಲ್ಲಿ ಕೂತಿದ್ದೆ. ಚಿಕ್ಕಮ್ಮ ಪಂಪಿನ ಹತ್ತಿರ ಹೋಗಿ, ಹಳೆಯ ಅಭ್ಯಾಸದ ಹಾಗೆ ಕೊಡವನ್ನು ಓರೆ ಮಾಡಿ ಕಟ್ಟೆಯ ಮೇಲೆ ತೂರಿಸಿದಳು. ಢಣ್ ಎನ್ನಲಿಲ್ಲ. ಕೊಡ ನೆಟ್ಟಗೆ ನಿಂತಿತು. ಅವಳು ಪಂಪು ಒತ್ತಿದಳು. ನೀರು ಮೇಲಿನಿಂದ ಬಿದ್ದು ಅರ್ಧ ಕೊಡಕ್ಕೆ, ಅರ್ಧ ಅವಳ ಸೀರೆಗೆ ಹಾರಿತು. ಎದುರು ಮನೆಯಾಕೆ ನಗುತ್ತಾ, "ಕಲ್ಲು ಇಡೇ ಮಣ್ಣಕ್ಕಾ, ಕೊಡದ ಕೆಳಗೆ ಕಲ್ಲು ಇಡು! ನಾವೆಲ್ಲ ಕಲ್ಲು ಇಟ್ಕೊಂಡೇ ಹಿಡಿಯೋದು," ಎಂದಳು. ಕಟ್ಟೆಯ ಪಕ್ಕದಲ್ಲಿ ಅದಕ್ಕೆಂದೇ ಒಂದು ಚಪ್ಪಡಿ ಕಲ್ಲು ಬಿದ್ದಿತ್ತು. ಹಿಡಿ ಒತ್ತುವವರು ನಿಲ್ಲಲು ಇನ್ನೊಂದು ಇತ್ತು.

ಚಿಕ್ಕಮ್ಮ ಕೊಡದ ನೆಗ್ಗು ನೋಡಿದಳು. ಪಂಪಿನ ಮೂತಿ ನೋಡಿದಳು. ಇವೆರಡರ ನಡುವೆ ಒಂದು ಮೊಳ ಜಾಗ ಇತ್ತು.

"ಈ ಪಂಪನ್ನ ಯಾರು ಎತ್ತರಿಸಿದ್ದು?" ಎಂದಳು.

"ಯಾರೋ ರಿಪೇರಿಯವರು ಇರಬೇಕು," ಎಂದಳು ಎದುರು ಮನೆಯಾಕೆ. "ವರ್ಷ ವರ್ಷ ಬೆಳೀತಾನೇ ಇದೆ, ನಮ್ಮ ಮಕ್ಕಳ ಹಾಗೆ. ಕಟ್ಟೆ ಬಿರುಕು ಬಿಡುತ್ತೆ, ನಾವು ಸಿಮೆಂಟು ಮೆತ್ತುತ್ತೀವಿ."

ಚಿಕ್ಕಮ್ಮ ಒದ್ದೆ ಕಟ್ಟೆಯ ಮೇಲೆ ಕೂತುಬಿಟ್ಟಳು. ಪೈಪು ಕಟ್ಟೆಯಿಂದ ಹೊರಬಂದ ಕಡೆ ಬೆರಳಾಡಿಸಿದಳು. ಆಮೇಲೆ ನಗತೊಡಗಿದಳು, ಕಣ್ಣಲ್ಲಿ ನೀರೂ ಇತ್ತು. ಎದುರು ಮನೆಯಾಕೆ ಗಾಬರಿಯಾಗಿ ಅಜ್ಜಿಯನ್ನು ಕೂಗಿದಳು. "ಬನ್ನಿ ಇಲ್ಲಿ, ನಿಮ್ಮ ಮಗಳಿಗೆ ಏನೋ ಆಗಿದೆ!"

ಆಗಿದ್ದು ಇಷ್ಟು. ಚಿಕ್ಕಮ್ಮ ನನಗೆ ನಾಲ್ಕು ಸಲ ವಿವರಿಸಿದ್ದಾಳೆ, ಆದ್ದರಿಂದ ಸರಿಯಾಗಿ ಹೇಳಬಲ್ಲೆ ಎಂದುಕೊಂಡಿದ್ದೇನೆ. ಪಂಪಿನ ಪೈಪು ಆಳಕ್ಕೆ ಹೋಗಿ ಬಂಡೆಯ ಮೇಲೆ ಕೂತಿದೆ. ಬಂಡೆ ಅಲುಗುವುದಿಲ್ಲ, ಪಂಪೂ ಅಲುಗಿಲ್ಲ. ಅದು ಬೆಳೆಯಲಿಲ್ಲ, ಅದರ ಸುತ್ತಲಿನ ನೆಲ, ಕಟ್ಟೆ, ಬೀದಿ, ನಮ್ಮ ಮನೆ ಎಲ್ಲ ಕೆಳಗೆ ಇಳಿದಿವೆ. ಜೆಟ್ಟಿಯ ಕಂಬಗಳು ನಮ್ಮ ಬೀದಿಯ ಕೆಳಗಿರುವ ಜೇಡಿಮಣ್ಣಿನಲ್ಲೇ ಇವೆ. ಹಿತ್ತಾಳೆಯ ಮೊಳೆ ಇರುವ ಗೋಡೆಯೂ ಅದೇ ಮಣ್ಣಿನ ಮೇಲಿದೆ. ಯಂತ್ರವೂ ಮೊಳೆಯೂ ಜೊತೆಜೊತೆಯಾಗಿ ಇಳಿಯುತ್ತಿದ್ದವು. ಒಂದನ್ನು ನೋಡಿ ಇನ್ನೊಂದು ಸರಿ ಇದೆ ಎಂದು ವಿಜ್ಞಾನಿಗಳು ವರ್ಷವೂ ಬರೆದುಕೊಳ್ಳುತ್ತಿದ್ದರು. ನೆಲ ಇಳಿದದ್ದೆಲ್ಲ ಅವರ ಲೆಕ್ಕದಲ್ಲಿ ಸಮುದ್ರ ಏರಿದಂತೆ ಕಾಣುತ್ತಿತ್ತು.

"ದೋಣಿಯಲ್ಲಿ ಕೂತು, ದೋಣಿಯ ಅಂಚಿಂದ ನೀರು ಅಳೆದಿದ್ದೀನಿ ಕಣೇ," ಎಂದಳು ಚಿಕ್ಕಮ್ಮ. "ದೋಣೀನೇ ಮುಳುಗ್ತಿದೆ ಅಂತ ನೋಡ್ಲೇ ಇಲ್ಲ."

ಮರುದಿನ ಅವಳು ತನ್ನ ಮೇಲಧಿಕಾರಿಯ ಮುಂದೆ ನಿಂತಳು. ಅವರು ಸದಾ ಕೆಮ್ಮಿನ ಗುಳಿಗೆ ಚೀಪುತ್ತಿರುವ ವಯಸ್ಸಾದ ಮನುಷ್ಯ. ಎಲ್ಲ ಕೇಳಿ ಗುಳಿಗೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದರಂತೆ.

"ಏನಮ್ಮಾ, ನಮ್ಮ ತಪ್ಪನ್ನ ಬೇರೆಯವರು ಹಿಡಿದ್ರೆ ವಾದ ಮಾಡ್ಬಹುದು. ನೀನೇ ಹಿಡಿದ್ರೆ ನಾನು ಯಾರ ಜೊತೆ ವಾದ ಮಾಡ್ಲಿ?"

"ವಾದ ಬೇಡ ಸರ್. ಲೆವೆಲ್ ಯಂತ್ರ ಕೊಡಿ. ಗುಡ್ಡದ ಬಂಡೆಯಿಂದ ಶುರು ಮಾಡಿ ಪಂಪಿನ ತನಕ ಹೊಸದಾಗಿ ಅಳೀತೀನಿ."

"ನಿನ್ನ ಪಂಪಿನ ಮಾತು ಸುಳ್ಳಾದ್ರೆ?"

"ಕೆಂಪು ಕೆಂಪಾಗೇ ಇರುತ್ತೆ. ನಾನು ಬೀದಿಗೆ ಹೋಗೋದು ನಿಲ್ಲಿಸ್ತೀನಿ."

ಅವರು ಯಂತ್ರವನ್ನೂ ಆಫೀಸಿನ ಡ್ರೈವರನ್ನೂ ಕೊಟ್ಟರು. ಬಾಗಿಲ ತನಕ ಹೋದವಳನ್ನು ಕರೆದು, "ನಂದೂ ಸಹಿ ಇದೆ ಆ ವರದಿ ಮೇಲೆ. ಸರಿಯಾಗಿ ಅಳೆದು ಬಾ," ಎಂದರು.

ಗುಡ್ಡದ ಮೇಲೆ ಊರಿನ ನೀರಿನ ಟ್ಯಾಂಕು ಬಂಡೆಯ ಮೇಲೆ ನಿಂತಿದೆ. ಚಿಕ್ಕಮ್ಮ ಅಲ್ಲಿಂದ ಹೊರಟಳು. ಡ್ರೈವರು ಅಂಕಿಗಳಿರುವ ಉದ್ದನೆಯ ಕೋಲು ಹಿಡಿದು ಮುಂದೆ ನಿಲ್ಲುವುದು, ಅವಳು ಮೂರು ಕಾಲಿನ ಮೇಲಿಟ್ಟ ದುರ್ಬೀನಿನಲ್ಲಿ ಓದುವುದು, ಮತ್ತೆ ಮುಂದಕ್ಕೆ. ಹೀಗೆ ಆಸ್ಪತ್ರೆಯ ಇಳಿಜಾರು, ಬಸ್ ನಿಲ್ದಾಣ, ಮಾರುಕಟ್ಟೆ ದಾಟಿ ಕೆಳಬೀದಿಯ ಪಂಪಿಗೂ, ಬಂದರು ಕಚೇರಿಯ ಮೊಳೆಗೂ ಇಳಿದು ಬಂದರು. ಮತ್ತೆ ತಿರುಗಿ ಅದೇ ದಾರಿಯಲ್ಲಿ ಮೇಲೆ ಹೋಗಿ ಸರಿ ನೋಡಿದರು. ಬೀದಿಯ ಜನ ಸುಮ್ಮನಿರುತ್ತಾರೆಯೇ? "ಏನ್ ಮಣ್ಣಕ್ಕಾ, ನಮ್ಮ ಬೀದಿಯ ಗೋರಿಗೆ ಅಳತೆ ತಗೋತಿದ್ದೀಯಾ?" ಎಂದು ಚಹಾದ ಅಂಗಡಿಯಿಂದ ಕೂಗಿದರು. ಅವಳು ಕಣ್ಣು ದುರ್ಬೀನಿಗೆ ಒತ್ತಿ ಹಿಡಿದು, "ಕೋಲಿನ ಮುಂದೆ ನಿಂತ್ರೆ ನಿಮ್ಮದೂ ತಗೋತೀನಿ, ಸರೀರಿ," ಎಂದಳು.

ಲೆಕ್ಕ ಬಂತು. ನಗರಸಭೆಯ ಹಳೆಯ ಕಡತದ ಪ್ರಕಾರ ಪಂಪು ಹಾಕಿದಾಗ ಅದರ ತಲೆ ಗುಡ್ಡದ ಬಂಡೆಗಿಂತ ಎಷ್ಟು ಕೆಳಗಿತ್ತೋ ಈಗಲೂ ಅಷ್ಟೇ ಕೆಳಗಿತ್ತು. ಹಿತ್ತಾಳೆಯ ಮೊಳೆ ಮಾತ್ರ ಸುಮಾರು ಒಂದು ಮೊಳ ಇಳಿದಿತ್ತು. ಅಷ್ಟು ವರ್ಷಗಳಲ್ಲಿ ಸಮುದ್ರ ನಿಜವಾಗಿ ಏರಿದ್ದು ಅರ್ಧ ಗೇಣು.

ಆ ಸಂಜೆ ಚಿಕ್ಕಮ್ಮ ಲಾಂಡ್ರಿಗೆ ಬಂದಳು. ಅಮ್ಮ ಬೆನ್ನು ತಿರುಗಿಸಿಕೊಂಡು ಹೋಟೆಲಿನ ಟವೆಲುಗಳನ್ನು ನೀರಿನಿಂದ ಎತ್ತಿ ರಾಶಿ ಹಾಕುತ್ತಿದ್ದಳು.

"ಅಕ್ಕಾ, ಈ ಒದ್ದೆ ಟವೆಲು ರಾಶಿ ಹಾಕ್ತೀಯಲ್ಲ. ನೀರು ಸೋರಿದ ಮೇಲೆ ರಾಶಿ ಏನಾಗುತ್ತೆ?"

ಅಮ್ಮ ಇನ್ನೊಂದು ಟವೆಲು ಎತ್ತಿ ರಾಶಿಗೆ ಹಾಕಿದಳು. ಅಜ್ಜಿ, "ಕುಗ್ಗುತ್ತೆ ಅಂತ ನಿನ್ನ ಅಕ್ಕ ಹೇಳ್ತಿದ್ದಾಳೆ," ಎಂದಳು.

"ನಮ್ಮ ಬೀದಿ ಕೆಳಗಿನ ಜೇಡಿನೂ ಹಾಗೇ. ಆಳದಿಂದ ನೀರು ಎಳೆದಷ್ಟೂ ಕುಗ್ತಾ ಬಂದಿದೆ. ಸಮುದ್ರ ನಮ್ಮ ಮೇಲೆ ಬರ್ತಿರೋದು ನಿಧಾನಕ್ಕೆ. ನಾವೇ ಅದರ ಕಡೆ ಇಳೀತಿದ್ದೀವಿ."

ಅಮ್ಮ ತಿರುಗಿದಳು. ಕೋಟು ಸುಟ್ಟ ದಿನದ ನಂತರ ಮೊದಲ ಸಲ ನೇರವಾಗಿ ಮಾತಾಡಿದಳು. "ಅಷ್ಟು ನೀರು ಎಳೀತಿರೋರು ಯಾರು? ಅವರನ್ನ ಹಿಡಿದು ಕೇಳ್ಬೇಕು."

ಚಿಕ್ಕಮ್ಮ ಹಿತ್ತಿಲಿನ ಕಡೆ ನೋಡಿದಳು. ಅಲ್ಲಿ ನಮ್ಮ ಬೋರಿನ ಮೋಟಾರು ಗುಂಯ್ ಎನ್ನುತ್ತಿತ್ತು. ಬೆಳಗಿನಿಂದ ಓಡುತ್ತಿತ್ತು. ದಿನವೂ ಓಡುವುದರಿಂದ ನಮ್ಮ ಕಿವಿಗೆ ಅದು ಬೀಳುವುದೇ ಇಲ್ಲ; ಆಗ ಬಿತ್ತು.

"ಐಸ್ ಫ್ಯಾಕ್ಟರಿ ದೊಡ್ಡದು," ಎಂದಳು ಚಿಕ್ಕಮ್ಮ ಮೆಲ್ಲಗೆ. "ಮೀನು ತೊಳೆಯೋ ಶೆಡ್ಡು ಇದೆ. ಆಮೇಲೆ... ನಿಂದು."

ಅಮ್ಮ ಕೈ ಒರೆಸಿಕೊಂಡಳು. ಟವೆಲಿನ ರಾಶಿ ನೋಡಿದಳು, ನೀರು ಇನ್ನೂ ಸೋರುತ್ತಿತ್ತು. ಹಿತ್ತಿಲಿಗೆ ಹೋಗಿ ಸ್ವಿಚ್ಚು ಆರಿಸಿದಳು. ಮನೆ ಅಷ್ಟು ಸದ್ದಿಲ್ಲದೆ ಇದ್ದದ್ದು ನನಗೆ ನೆನಪಿಲ್ಲ.

"ನಾಳೆ ಆಸ್ಪತ್ರೆ ಕೋಟು ಹೇಗೆ ಒಗೀತೀಯಾ?" ಎಂದಳು ಅಜ್ಜಿ.

"ನಿನ್ನ ಚಿಕ್ಕ ಮಗಳು ಕೊಡ ಹೊತ್ಕೊಂಡು ಬರ್ತಾಳೆ. ಅವಳೇ ತಾನೇ ಹೇಳಿದ್ದು," ಎಂದಳು ಅಮ್ಮ.

ಚಿಕ್ಕಮ್ಮ ನಿಜವಾಗಿಯೂ ತಂದಳು. ಸಭೆಯ ದಿನದವರೆಗೆ ಆಫೀಸಿಗೆ ಹೋಗುವ ಮೊದಲು ಗುಡ್ಡದ ಟ್ಯಾಂಕಿನಿಂದ ಆಫೀಸಿನ ಜೀಪಿನಲ್ಲಿ ಡ್ರಮ್ಮುಗಳನ್ನು ತುಂಬಿಸಿಕೊಂಡು ಬಂದು ಇಳಿಸುತ್ತಿದ್ದಳು. ಆದರೂ ಆ ನೀರು ಸಾಲದೆ ಅಮ್ಮ ಗಿರಾಕಿಗಳಲ್ಲಿ ಅರ್ಧ ಜನರನ್ನು ಬಿಡಬೇಕಾಯಿತು.

ನಗರಸಭೆಯ ಸಭಾಂಗಣದಲ್ಲಿ ಕುರ್ಚಿಗಳು ಸಾಲದೆ ಜನ ಕಿಟಕಿಯ ಕಟ್ಟೆಯ ಮೇಲೂ ಕೂತಿದ್ದರು. ನಾನು ಅಜ್ಜಿಯ ಹಿಂದೆ ಕೂತಿದ್ದೆ. ಚಿಕ್ಕಮ್ಮ ಎದ್ದು ನಿಂತು, "ನನ್ನ ನಕ್ಷೆಯಲ್ಲಿ ತಪ್ಪಿದೆ," ಎಂದಳು. ಮೇಲಧಿಕಾರಿ ಅವಳ ಪಕ್ಕದಲ್ಲಿ ಎದ್ದು ನಿಂತರು, ಕೂರಲಿಲ್ಲ. ಅವಳು ಮೊಳೆಯದ್ದೂ ಪಂಪಿನದ್ದೂ ಹೇಳಿದಳು, ಬೋರುಗಳದ್ದೂ ಹೇಳಿದಳು.

ಐಸ್ ಮಾವ ಮೇಲೆದ್ದರು. "ಮೊದಲು ಸಮುದ್ರ ಅಂದೆ. ಈಗ ನಾವು ಅಂತೀಯ. ನಾಳೆ ಬಂದು ಚಂದ್ರ ಅಂತೀಯಾ?"

ಸಭೆ ನಕ್ಕಿತು. ಚಿಕ್ಕಮ್ಮ ಗಂಭೀರವಾಗಿ, "ಚಂದ್ರಂದೂ ಪಾಲಿದೆ ಮಾವ, ಉಬ್ಬರ ಇಳಿತ ಅವನಿಂದಾನೇ," ಎಂದಾಗ ನಗು ಇನ್ನೂ ಹೆಚ್ಚಾಯಿತು, ಈ ಸಲ ಅವಳ ಕಡೆಗೆ. "ಸಮುದ್ರ ಏರೋದು ನಿಲ್ಲಲ್ಲ. ಅದನ್ನ ಈ ಸಭೆ ನಿಲ್ಲಿಸಕ್ಕಾಗಲ್ಲ. ಅದಕ್ಕೆ ಗೋಡೆ ಬೇಕು, ಎತ್ತರದ ಅಡಿಪಾಯ ಬೇಕು, ಅದೆಲ್ಲ ಮಾಡೋಣ. ಆದ್ರೆ ಈ ಬೀದಿಯನ್ನ ಈಗ ಮುಳುಗಿಸ್ತಿರೋದು ಮೋಟಾರುಗಳು. ಅವನ್ನ ಆರಿಸಕ್ಕೆ ಒಂದು ಸ್ವಿಚ್ಚು ಇದೆ."

"ಸ್ವಿಚ್ಚು ಆರಿಸಿದ್ರೆ ಹೊಟ್ಟೆ ತುಂಬುತ್ತಾ? ನಿನ್ನ ಅಕ್ಕಂದು ಆರಿಸಿ ಆಮೇಲೆ ನನ್ನ ಹತ್ರ ಬಾ!"

ಆಗ ಅಮ್ಮ ಎದ್ದಳು. "ಆರಿಸಿ ತಿಂಗಳಾಯ್ತು ಮಾವ. ಬಂದು ಕಿವಿ ಇಟ್ಟು ಕೇಳಿ." ನಗರಸಭೆಯ ಅಧ್ಯಕ್ಷರ ಕಡೆ ತಿರುಗಿ, "ನಮಗೆ ಗುಡ್ಡದ ಮೇಲೆ ನಾಲ್ಕನೇ ಮಹಡಿ ಬೇಡ ಸ್ವಾಮಿ. ಗುಡ್ಡದಿಂದ ಒಂದು ದಪ್ಪ ಪೈಪು ಕೊಡಿ," ಎಂದಳು.

ಐಸ್ ಮಾವ ಕೂತರು. ಕೂತ ಮೇಲೂ ಏನೋ ಗೊಣಗಿದರು, ಕೇಳಿಸಲಿಲ್ಲ.

ಆ ದಿನ ತೀರ್ಮಾನವಾದದ್ದು ಇದು. ಗುಡ್ಡದ ನೀರಿನ ಪೈಪು ಕೆಳಬೀದಿಗೆ ಬರಬೇಕು, ಬಂದ ಕೂಡಲೇ ಆಳದ ಬೋರುಗಳೆಲ್ಲ ಮುಚ್ಚಬೇಕು. ಕೆಂಪು ಬಣ್ಣವನ್ನು ಮೂರು ವರ್ಷ ತಡೆಹಿಡಿಯಬೇಕು. ವರ್ಷಕ್ಕೊಮ್ಮೆ ಎಲ್ಲರ ಎದುರು ಪಂಪಿನ ಮೂತಿಯಿಂದ ಕಟ್ಟೆಗೆ ಎಷ್ಟು ಅಂತರ ಎಂದು ಅಳೆಯಬೇಕು. ಅಂತರ ಹಿಂದಿನ ಹಾಗೆಯೇ ಹೆಚ್ಚುತ್ತಾ ಹೋದರೆ ಬೀದಿ ಖಾಲಿ.

ಪೈಪು ಬಂತು. ಮೀನು ಶೆಡ್ಡಿನವರು ಮುಚ್ಚಿದರು. ಐಸ್ ಮಾವ ಎಲ್ಲರಿಗಿಂತ ಕೊನೆಗೆ ಮುಚ್ಚಿದರು. ಪೈಪಿನ ನೀರಿನ ಐಸು ಉಪ್ಪಿಲ್ಲದೆ ಗಾಜಿನಂತೆ ಕಾಣುತ್ತದೆ ಎಂದು ಈಗ ಅವರೇ ಹೇಳಿಕೊಂಡು ಓಡಾಡುತ್ತಾರೆ.

ಮೊದಲ ವರ್ಷ ಅಳೆದಾಗ ಅಂತರ ಒಂದು ಬೆರಳು ಹೆಚ್ಚಾಗಿತ್ತು. ಹಿಂದೆ ಹೇಗೋ ಹಾಗೆಯೇ. ಎಲ್ಲರೂ ಚದುರಿದರು. ಅಮ್ಮ ಸಹ ಚಿಕ್ಕಮ್ಮನ ಮುಖ ನೋಡಲಿಲ್ಲ. "ಜೇಡಿ ನಿಧಾನ ಅಕ್ಕಾ. ಇಷ್ಟು ವರ್ಷ ಹಿಂಡಿದ್ದೀವಿ, ನಿಲ್ಲಕ್ಕೂ ಟೈಮ್ ಬೇಕು," ಎಂದಳು ಚಿಕ್ಕಮ್ಮ. ಆದರೆ ಅವಳ ಧ್ವನಿಯಲ್ಲಿ ಬಲವಿರಲಿಲ್ಲ.

ಎರಡನೆಯ ವರ್ಷ ಅರ್ಧ ಬೆರಳು. ಆ ದಿನ ಚಹಾದ ಅಂಗಡಿಯವರು ಎಲ್ಲರಿಗೂ ಚಹಾ ಕೊಟ್ಟರು.

ಮೂರನೆಯ ವರ್ಷ, ಎಂದರೆ ಹೋದ ವರ್ಷ, ನಗರಸಭೆಯ ಎಂಜಿನಿಯರು ಬಂದು ಬಗ್ಗಿ, ಕನ್ನಡಕ ಏರಿಸಿ, ಮತ್ತೆ ಬಗ್ಗಿ ಓದಿದರು. ಹೆಚ್ಚಾದದ್ದು ಉಗುರಿನ ದಪ್ಪ. ಒಂದು ತಿಂಗಳ ನಂತರ ನಗರಸಭೆಯ ಮುಂದಿನ ನಕ್ಷೆ ಬದಲಾಯಿತು. ಕೆಳಬೀದಿ ಹಳದಿ ಇದೆ. ಹಸಿರು ಯಾಕಲ್ಲ ಎಂದು ಅಜ್ಜಿ ಕೇಳಿದ್ದಕ್ಕೆ, "ಸಮುದ್ರ ಇದೆಯಲ್ಲಮ್ಮ. ಹಳದಿ ಅಂದ್ರೆ ಎಚ್ಚರವಾಗಿ ಬದುಕೋದು," ಎಂದಳು ಚಿಕ್ಕಮ್ಮ. ಸಮುದ್ರದ ಕಡೆ ಈಗ ಅಡ್ಡಗೋಡೆ ಕಟ್ಟುತ್ತಿದ್ದಾರೆ. ಹೊಸ ಮನೆಗಳಿಗೆ ಎತ್ತರದ ಅಡಿಪಾಯ ಹಾಕುತ್ತಿದ್ದಾರೆ.

ಚಿಕ್ಕಮ್ಮ ಈಗ ಬೇರೆ ಊರುಗಳ ಬಂದರುಗಳಿಗೂ ಹೋಗುತ್ತಾಳೆ. ಹೋದ ಕೂಡಲೇ ಯಂತ್ರವನ್ನು ನೋಡುವುದಿಲ್ಲ. "ಇಲ್ಲಿ ಬಂಡೆ ಮೇಲೆ ನಿಂತಿರೋದು ಏನಿದೆ?" ಎಂದು ಮೊದಲು ಕೇಳುತ್ತಾಳೆ. ಆಮೇಲೆ ಮಣ್ಣು ಕಚ್ಚಿ ನೋಡುತ್ತಾಳೆ. ಭಾನುವಾರ ಊರಿನಲ್ಲಿದ್ದರೆ ನಮ್ಮಲ್ಲಿಗೆ ಬರುತ್ತಾಳೆ. ಅಮ್ಮನೂ ಅವಳೂ ಈಗ ನೇರವಾಗಿಯೇ ಜಗಳವಾಡುತ್ತಾರೆ. ಅಜ್ಜಿಗೆ ಅಷ್ಟು ಕೆಲಸ ಕಡಿಮೆ.

ಈ ವರ್ಷ ಅಳೆಯಬೇಕೆಂದು ನಗರಸಭೆ ಹೇಳಿಲ್ಲ, ಎಂಜಿನಿಯರೂ ಬರುವುದಿಲ್ಲ. ಆದರೂ ಬೀದಿಯವರು ತಾವೇ ಅಳೆಯಬೇಕೆಂದು ಮಾತಾಡಿಕೊಂಡಿದ್ದಾರೆ. ಟೇಪಿನ ಮೇಲುತುದಿಯನ್ನು ಚಿಕ್ಕಮ್ಮ ಮೂತಿಗೆ ಒತ್ತಿ ಹಿಡಿಯುತ್ತಾಳೆ. ಕೆಳತುದಿಯಲ್ಲಿ ಕೂತು ಅಂಕಿ ಓದಿ ಎಲ್ಲರಿಗೂ ಕೇಳುವಂತೆ ಹೇಳುವವರು ಒಬ್ಬರು ಬೇಕು. ತರಗತಿಯಲ್ಲಿ ಎದ್ದು ಗಟ್ಟಿಯಾಗಿ ಓದಲು ಆಗದೆ ನಾನು ಶಾಲೆ ಬಿಟ್ಟದ್ದು ಬೀದಿಗೆಲ್ಲ ಗೊತ್ತು. ಆದರೂ ಚಿಕ್ಕಮ್ಮ ನನ್ನನ್ನೇ ಕೇಳಿದಳು. "ಗಟ್ಟಿಯಾಗಿ ಅಂದ್ರೆ ಎಷ್ಟು ಗಟ್ಟಿ?" ಎಂದೆ. "ಚಹಾ ಅಂಗಡಿ ತನಕ ಕೇಳಿದ್ರೆ ಸಾಕು," ಎಂದಳು.

ಬರುವ ಭಾನುವಾರ ಬೆಳಗ್ಗೆ ನಾನು ಪಂಪಿನ ಕಟ್ಟೆಯ ಮೇಲೆ ಕೂತು ಟೇಪಿನ ಕೆಳತುದಿ ಹಿಡಿಯುತ್ತೇನೆ, ಅಂಕಿಯನ್ನು ಎರಡು ಸಲ ನೋಡಿ, ಗಟ್ಟಿಯಾಗಿ ಓದುತ್ತೇನೆ.